ಹೊಗೆಸೊಪ್ಪಿನ ಮನೆಗೆ ಹೆಣ್ಣು ನೋಡಲು ಬಂದವರು

ಹೊಗೆಸೊಪ್ಪು ಬೆಳೆಯುವವರ ಮನೆಗೆ ಸೊಸೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಮಾತು: ಒಂದಿಷ್ಟು ಹುಣಸೆಹಣ್ಣನ್ನು ಬಚ್ಚಲಲ್ಲೂ ಇಟ್ಟುಕೊಳ್ಳಿ. ಎಲೆ ಪೋಣಿಸಿದ ಕೈಗೆ ಹತ್ತುವ ಕಪ್ಪು ಅಂಟು ಸೋಪಿಗೆ ಬಗ್ಗುವುದಿಲ್ಲ. ಅದೇ ಕೈಯಲ್ಲಿ ಮುದ್ದೆ ಕಟ್ಟಿದರೆ ಉಂಡವರಿಗೆ ತಲೆ ಸುತ್ತುತ್ತದೆ. ಮತ್ತೋಡಿನ ಕಡೆಯ ಆ ಮನೆಗೆ ನಾನು ಬಂದ ಹೊಸದರಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಒಂದು ಮಧ್ಯಾಹ್ನ ಉಂಡು ಎದ್ದ ಮಾವನವರು ಕಂಬ ತಬ್ಬಿಕೊಂಡು ನಿಂತಾಗ ನಾನೇ ಕಲಿತೆ.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಎಲೆಗೆ ಮರ್ಯಾದೆ ಹೆಚ್ಚು. ಕೊಯ್ಲಿನ ಕಾಲದಲ್ಲಿ ಪಡಸಾಲೆಯ ತುಂಬ ಎಲೆಯ ಸರಗಳು ತೂಗುತ್ತಿದ್ದವು, ನಾವು ಅವುಗಳ ಅಡಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದೆವು. ಅದನ್ನು ಕಂಡವರು ಹೊಸ ಸೊಸೆ ಬಲು ವಿನಯವಂತೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಬೆಳೆ ನನ್ನ ಗಂಡನದು. ಗಿಡದ ಕುಡಿ ಚಿವುಟುವುದು, ಎಲೆ ಪೋಣಿಸುವುದು, ಹೊಸದುರ್ಗದ ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡುವುದು ನನ್ನದು. ಊರವರು ಅವರನ್ನು ಬೆಳೆಗಾರರು ಎನ್ನುತ್ತಿದ್ದರು, ನನ್ನನ್ನು ಬಾಯಿ ಜೋರಿನವಳು ಎನ್ನುತ್ತಿದ್ದರು.

ಇನ್ನು ಸೀನಿನ ವಿಚಾರ. ಬೇರೆ ಮನೆಗಳಲ್ಲಿ ಒಂಟಿ ಸೀನು ಬಂದರೆ ಹೊರಟವರು ಕೂರುತ್ತಾರೆ, ನಡೆಯುತ್ತಿದ್ದ ಮಾತು ಅಲ್ಲಿಗೇ ನಿಲ್ಲುತ್ತದೆ. ಜೋಡಿ ಸೀನು ಬಂದರೆ ಶುಭ. ನಮ್ಮಲ್ಲಿ ಆ ಶಕುನ ಹಿಡಿದಿದ್ದರೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಎಲೆಯ ಪುಡಿ ಎದ್ದಾಗ ಬೆಕ್ಕೂ ಸೀನುತ್ತಿತ್ತು.

ನನ್ನ ನಾದಿನಿಗೆ ಸಂಬಂಧ ಬಂದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಹುಡುಗ ತಾಳ್ಯದ ಕಡೆಯವನು, ಚಿತ್ರದುರ್ಗದಲ್ಲಿ ಸರ್ಕಾರಿ ಗುಮಾಸ್ತ. ಅವನ ಬಣ್ಣ, ಎತ್ತರ, ಸಂಬಳ ಒಂದನ್ನೂ ಅವಳು ವಿಚಾರಿಸಲಿಲ್ಲ.

"ಅತ್ತಿಗೆ, ದುರ್ಗದ ಮನೇಲಿ ಎಲೆ ಪೋಣ್ಸೋದು ಇರಲ್ಲ ಅಲ್ವಾ?" ಎಂದಳು.

ಇದು ತಪ್ಪಿದರೆ ಮುಂದೆ ಬರುವವನು ಪಕ್ಕದೂರಿನ ಇನ್ನೊಬ್ಬ ಹೊಗೆಸೊಪ್ಪಿನವನೇ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎಲೆಯನ್ನೆಲ್ಲ ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದೆವು. ಎಲೆ ಕೆಡುತ್ತದೆಂದು ನನ್ನ ಗಂಡ ಮುಖ ಊದಿಸಿಕೊಂಡರು. ನೆಲ ಸಾರಿಸಿ, ಸಾಂಬ್ರಾಣಿ ಹೊಗೆ ಹಾಕಿ, ವಾಸನೆ ಹೋಯಿತೆಂದು ನಾವು ನಾವೇ ತೀರ್ಮಾನಿಸಿಕೊಂಡೆವು. ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಮೂಗುಗಳನ್ನು ಪಂಚಾಯಿತಿಗೆ ಕೂರಿಸಿದರೆ ಬೇರೆ ಯಾವ ತೀರ್ಪು ಬರಲು ಸಾಧ್ಯ? ಆಮೇಲೆ ಅತ್ತೆ ತಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಮಗಳಿಗೆ ಉಡಿಸಿದರು. ಹುಳ ಹಿಡಿಯದಿರಲೆಂದು ಮಡಿಕೆ ಮಡಿಕೆಗೂ ಒಣ ಹೊಗೆಸೊಪ್ಪು ಇಟ್ಟಿದ್ದ ಸೀರೆ ಅದು. ಎಲೆಗಳನ್ನು ತೆಗೆದಿಟ್ಟರು. ಪುಡಿ ಕೊಡವಬೇಕೆಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ ಬಸ್ಸಿಳಿದು ಬಂದರು. ಆ ಮನೆಯಲ್ಲಿ ದೊಡ್ಡಪ್ಪನದೇ ಮಾತು. ನಾದಿನಿ ಉಪ್ಪಿಟ್ಟು ತಂದುಕೊಟ್ಟಳು. ಹುಡುಗ ತಟ್ಟೆ ಬಿಟ್ಟು ಅವಳನ್ನೇ ನೋಡುತ್ತಿದ್ದುದರಿಂದ ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ. ಅವಳು ಕಾಫಿ ಲೋಟ ಹಿಡಿದು ದೊಡ್ಡಪ್ಪನ ಮುಂದೆ ಬಗ್ಗಿದಾಗ ಅವರು, "ನಮಗೇನೋ ಒಪ್ಪಿಗೆ..." ಎಂದು ಅಲ್ಲೇ ತಡೆದು, ಮನೆ ಅದುರುವಂತೆ ಸೀನಿದರು. ಒಂದೇ ಒಂದು ಸೀನು.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು.

"ಒಪ್ಪಿಗೆ ಅನ್ನೋ ಮಾತಿಗೇ ಸೀನು ಬಂತು. ಇವತ್ತು ಬ್ಯಾಡ, ಮುಂದೆ ನೋಡಾಣ."

ಮುಂದೆ ನೋಡೋಣ ಎಂದು ಹೋದವರು ತಿರುಗಿ ಬರುವುದಿಲ್ಲ. ನಾದಿನಿ ಕಾಫಿ ಲೋಟವನ್ನು ನೆಲದ ಮೇಲಿಟ್ಟಳು. ಯಾವತ್ತೂ ಬಾಯಿ ಬಿಡದ ನನ್ನ ಗಂಡ ಆ ಹೊತ್ತಿಗೇ ಬಾಯಿ ಬಿಟ್ಟರು.

"ಅದು ಹೊಗೆಸೊಪ್ಪಿನ ಸೀನು ಕಣ್ರಿ. ನಾವು ಲೆಕ್ಕಕ್ಕೆ ತಗಳಲ್ಲ."

"ಸೀನಿದ್ದು ನನ್ ಮೂಗು. ಲೆಕ್ಕ ನೀವು ಹೇಳ್ತೀರಾ?" ಎಂದರು ದೊಡ್ಡಪ್ಪ.

ಚೌಕಾಸಿ ಮಾಡುವವರಿಗೆ ನನ್ನದೊಂದು ಕಿವಿಮಾತು. ಎದುರಿನವರ ತಕ್ಕಡಿ ಸರಿಯಿಲ್ಲ ಎಂದರೆ ವ್ಯಾಪಾರ ಮುರಿಯಿತೆಂದೇ ಲೆಕ್ಕ. ಅವರ ತಕ್ಕಡಿಯನ್ನೇ ಒಪ್ಪಿಕೊಂಡು ಇನ್ನೊಂದು ಸಲ ತೂಗಿಸಬೇಕು. ನಾನು ಮುಂದೆ ಬಂದು, ನೀವು ಹೇಳಿದ್ದು ಸರಿ, ಶಕುನ ಮೀರಬಾರದು, ಆದರೆ ಹಿರಿಯರು ಬರಿಗಾಲಲ್ಲಿ ಹೋಗಬಾರದು, ಹುಡುಗಿಗೆ ಒಂದು ಆಶೀರ್ವಾದ ಮಾಡಿ ಹೊರಡಿ ಎಂದೆ. ಬರಿಗೈ ಎನ್ನಲು ಹೋಗಿ ಬರಿಗಾಲು ಯಾಕೆ ಬಾಯಿಗೆ ಬಂತೋ ನನಗೂ ಗೊತ್ತಿಲ್ಲ, ಅವರು ಹೇಗೂ ಚಪ್ಪಲಿ ಬಿಟ್ಟೇ ಒಳಗೆ ಬಂದಿದ್ದರು. ಆಶೀರ್ವಾದ ಬೇಡ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ನಾದಿನಿ ಕಾಲಿಗೆ ಬಿದ್ದಳು. ಅವಳ ಸೆರಗು ಸರಿಪಡಿಸುವವಳಂತೆ ಅದರ ತುದಿ ಹಿಡಿದು, ಅವರ ಮುಖದ ಕೆಳಗೇ ಚೆನ್ನಾಗಿ ಕೊಡವಿದೆ. ತಲೆ ಮುಟ್ಟಲು ಬಗ್ಗಿದ ದೊಡ್ಡಪ್ಪ ಮೊದಲಿಗಿಂತ ಜೋರಾಗಿ ಸೀನಿದರು. ಅಡುಗೆಮನೆಯ ಬಾಗಿಲಿಂದ ಅತ್ತೆ, "ಜೋಡಿ ಆತು," ಎಂದರು, ಗೋಡೆಗೆ ಹೇಳಿದಂತೆ.

ದೊಡ್ಡಪ್ಪ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಬಾಳ ಚುರುಕಿದೀಯಮ್ಮ ನೀನು," ಎಂದು ಕೂತು, ಬಿಟ್ಟಿದ್ದ ಕಾಫಿ ಕೇಳಿದರು. ಹುಡುಗ ಆಗಲೇ ಎರಡನೇ ತಟ್ಟೆ ಉಪ್ಪಿಟ್ಟಿಗೆ ಕೈ ಹಾಕಿದ್ದ.

ತಾಂಬೂಲ ಕೊಟ್ಟಿದ್ದೇ ತಡ, ಬಸ್ಸು ತಪ್ಪುತ್ತದೆ ಎಂದು ಅವರನ್ನು ಎಬ್ಬಿಸಿದೆ. ಬಾಯಲ್ಲಿದ್ದ ಎಲೆಅಡಿಕೆ ಉಗುಳುವುದಕ್ಕೂ ಅವರನ್ನು ಬಿಡಲಿಲ್ಲ. ಹೀಗೆ ಓಡಿಸಿದರೆ ಏನಂದುಕೊಳ್ಳುತ್ತಾರೆ ಎಂದು ಗಂಡ ಗೊಣಗಿದರು. ನಾದಿನಿಯನ್ನೂ ಕರೆದುಕೊಂಡು ಬಸ್ಸಿನವರೆಗೆ ಹೋಗಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಲ್ಲಾಡಲಿಲ್ಲ.

ಮನೆಗೆ ಬರುವಾಗ ನಾದಿನಿ ಪಿಸುದನಿಯಲ್ಲಿ ಕೇಳಿದಳು, "ಅತ್ತಿಗೆ, ಮೂರನೇ ಸೀನು ಬಂದಿದ್ರೆ?"

"ಬರ್ತಿತ್ತು ಕಣೇ. ತಾಂಬೂಲ ತಗಳುವಾಗ್ಲೇ ಅವರ ಮೂಗು ಅರಳಿತ್ತು."