ಅಪ್ಪನ ಕಂಬಳಿ ಮತ್ತು ನನ್ನ ಉಸಿರು

ತಾಳಿ, ರಕ್ತದ ಕಣಗಳ ಸಂಗತಿ ಬಂದೇ ಬರುತ್ತದೆ, ಹೇಳದೆ ಬಿಡುವವಳು ನಾನಲ್ಲ. ಅದಕ್ಕೂ ಮುಂಚೆ ನಮ್ಮಪ್ಪನ ಕಂಬಳಿಯನ್ನು ನಿಮಗೆ ತೋರಿಸಬೇಕು. ಕರಿ ಉಣ್ಣೆಯದು, ಹುಣಸೆಬೀಜದ ಗಂಜಿ ಕುಡಿದು ಬಿರುಸಾದದ್ದು. ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದ ಅಪ್ಪ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ನನ್ನನ್ನು ಅದರೊಳಗೆ ಸುತ್ತಿಕೊಂಡು ಕೂರುತ್ತಿದ್ದ.

ನನಗೆ ಹನ್ನೆರಡಾದಾಗ ದಮ್ಮು ಶುರುವಾಯಿತು. ಮುಂಗೈ ಚುಚ್ಚಿ ಪರೀಕ್ಷಿಸಿದ ಡಾಕ್ಟರು, ಕಂಬಳಿಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳ ನಿನಗಾಗದು ಎಂದರು. ಅಂದಿನಿಂದ ಅಪ್ಪ ಕಂಬಳಿಯನ್ನು ಪಕ್ಕದ ಮನೆಯ ಕಟ್ಟೆಗೆ ಹಾಕಿ, ಮಿಂದು, ಬೇರೆ ಅಂಗಿ ತೊಟ್ಟೇ ಒಳಗೆ ಬರುವುದು. ಯಾರೋ ಬೀಗರು ಬಂದ ಹಾಗೆ.

ನಾನು ಸುಮ್ಮನಿರಲಿಲ್ಲ. ನಮ್ಮೂರು ಗೋಗಿಯಿಂದ ಆಟೊ ಹಿಡಿದು ಶಹಾಪುರದ ಗ್ರಂಥಾಲಯಕ್ಕೆ ಹೋದೆ, ಉಳಿದದ್ದನ್ನು ಮೊಬೈಲಿನಲ್ಲಿ ಓದಿದೆ. ಶ್ವಾಸನಾಳದ ಗೋಡೆಯಲ್ಲಿ ಮಾಸ್ಟ್ ಎಂಬ ಕಣಗಳಿವೆ; ಆಗದ ಧೂಳಿನ ಗುರುತು ಹಿಡಿಯುವ ಪ್ರತಿಕಾಯಗಳನ್ನು ಮೈತುಂಬ ಹೊತ್ತು ಕಾಯುತ್ತವೆ, ಧೂಳು ಸೋಕಿತೋ, ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲಿ ನಾಳವನ್ನು ಬಿಗಿಯುತ್ತವೆ. ವರ್ಷಗಟ್ಟಲೆ ಧೂಳು ಸೋಕದಿದ್ದರೆ ಅವು ಮರೆತಾವು ಎಂದು ನಾನೇ ತೀರ್ಮಾನಿಸಿದೆ. ಅರ್ಧ ಓದಿದವಳ ಧೈರ್ಯ!

ಕಂಬಳಿ ಸೋಕದೆ ಆಗಲೇ ವರ್ಷಗಳು ಕಳೆದಿದ್ದವು. ಹೋದ ಯುಗಾದಿಯ ಮುಂಜಾನೆ ಅಪ್ಪ ಓಣಿಯಲ್ಲಿ ಕಂಡದ್ದೇ ತಡ, ಓಡಿಹೋಗಿ ಕಂಬಳಿಯೊಳಗೆ ಮುಖ ಹುದುಗಿಸಿದೆ.

“ಏ ಹುಚ್ಚಿ, ದೂರ ಸರಿ! ದಮ್ಮ ಬರ್ತದ!”

“ಬರಂಗಿಲ್ಲಪ್ಪ, ನಾ ಓದೀನಿ.”

“ಓದ್ಯಾಳಂತ! ಡಾಕ್ಟರಗಿಂತ ದೊಡ್ಡಾಕಿ ಆಗ್ಯಾಳ,” ಅವ್ವ ಒಳಗಿನಿಂದಲೇ ಕೂಗಿದಳು.

ಹತ್ತು ನಿಮಿಷಕ್ಕೆ ಎದೆ ಸಿಳ್ಳು ಹಾಕಿತು. ದಮ್ಮಿನ ಔಷಧದ ಪಂಪ್ ಎಳೆದೆ, ಇಳಿಯಿತು. ಹೋಳಿಗೆ ಉಂಡು ಎಲ್ಲರೂ ನಕ್ಕೆವು. ಸಂಜೆಗೆ, ಕಂಬಳಿಯ ಹತ್ತಿರ ಸುಳಿಯದಿದ್ದರೂ, ಮೊದಲಿಗಿಂತ ಜೋರಾಗಿ ಮರಳಿ ಬಂತು. ಆಸ್ಪತ್ರೆಯಲ್ಲಿ ಮುಖಕ್ಕೆ ಔಷಧದ ಆವಿ ಹಿಡಿದರು; ಅಪ್ಪ ಬಾಗಿಲಾಚೆಯೇ ನಿಂತಿದ್ದ, ಒಳಗೆ ಬರಲಿಲ್ಲ.

ಉಳಿದರ್ಧವನ್ನು ಆಮೇಲೆ ಓದಿದೆ. ಮಾಸ್ಟ್ ಕಣಗಳದ್ದು ಬರೀ ಮೊದಲ ಕೂಗು. ಅದರ ಬೆನ್ನಿಗೆ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಇಯೊಸಿನೊಫಿಲ್ ಎಂಬ ಬೇರೆ ಕಣಗಳನ್ನು ಕರೆಸುತ್ತವೆ. ಅವು ಗಂಟೆಗಟ್ಟಲೆ ತಡವಾಗಿ ಬಂದು ನಾಳವನ್ನು ಊದಿಸುತ್ತವೆ. ಟಿ ಕಣಗಳಲ್ಲಿ ಕೆಲವಕ್ಕೆ ನೆನಪಿನ ಕಣಗಳೆಂದೇ ಹೆಸರು, ವರ್ಷಗಳು ಕಳೆದರೂ ಮರೆಯವು. ಅಪ್ಪನನ್ನು ನಾನು ನೆನೆದಷ್ಟೇ ನಿಷ್ಠೆಯಿಂದ ನನ್ನ ಮೈ ಅವನ ಕಂಬಳಿಯನ್ನು ನೆನಪಿಟ್ಟಿತ್ತು; ನನ್ನದು ಹಂಬಲ, ಅದರದು ಹಗೆ.

ಆಮೇಲೆ ಅಪ್ಪ ಮನೆಗೇ ಬರಲಿಲ್ಲ. ಊರ ಹೊರಗಿನ ಹೊಲದಲ್ಲಿ ಕುರಿ ತರುಬಿ ತಂಗಿ, ಬುತ್ತಿಯನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಬುತ್ತಿ ಹಿಡಿದು ನಾನೇ ಹೋದೆ.

“ಅಲ್ಲೇ ನಿಂದ್ರವ್ವ,” ಎಂದು ಒಂದು ಹಿಡಿ ಮಣ್ಣು ಮೇಲೆ ತೂರಿ, ಅದು ವಾಲಿದ ದಿಕ್ಕು ನೋಡಿದ. ದೂರದಿಂದಲೇ ಸುತ್ತು ಹಾಕಿ, ಗಾಳಿ ನನ್ನಿಂದ ಅವನತ್ತ ಬೀಸುವ ಮಗ್ಗುಲಿಗೆ, ನಾಲ್ಕು ಮಾರು ಬಿಟ್ಟು ಕೂತ.

“ಈಗ ಮಾತಾಡು. ನಿನ್ನ ಮಾತ ನನ್ ಕಡಿ ಬರ್ತಾವ, ನನ್ ಧೂಳ ನಿನ್ ಕಡಿ ಬರಂಗಿಲ್ಲ.”

ಹೊತ್ತು ಇಳಿಯುವ ತನಕ ಮಾತಾಡಿದೆ. ನಾಲ್ಕು ಮಾರು ನಾಲ್ಕು ಮಾರಾಗಿಯೇ ಉಳಿಯಿತು.

ಪ್ರೀತಿಯವರ ಹತ್ತಿರ ಹೋಗಲು ತಮ್ಮ ಮೈಯೇ ಬಿಡದಂಥವರು ನಿಮ್ಮಲ್ಲೂ ಇರಬಹುದು. ನೀವು ಎಷ್ಟು ದೂರದಲ್ಲಿ, ಯಾವ ಮಗ್ಗುಲಿಗೆ ಕೂರುತ್ತೀರಿ? ನನಗೊಂದಿಷ್ಟು ಬರೆದು ತಿಳಿಸಿ.