ಚೀನಾದ ಬಟ್ಟೆಯವನು

ಅರವತ್ತರ ದಶಕದ ಮೊದಲಲ್ಲಿ ನಾನು ತ್ಯಾಮಗೊಂಡ್ಲಿನಿಂದ ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಆ ಮನೆಯವರಿಗೆ ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಕನ್ನಡ ಬರುತ್ತಿತ್ತು, ಮನೆಯೊಳಗೆ ಮಾತ್ರ ತೆಲುಗೇ. ನನಗೆ ಅದರ ಒಂದಕ್ಷರವೂ ಬಾರದು. ಗಂಡ ಬೆಂಗಳೂರಿನ ಕಾರ್ಖಾನೆಯಲ್ಲಿದ್ದು ಭಾನುವಾರಕ್ಕೆ ಬರುತ್ತಿದ್ದರು. ಉಳಿದ ದಿನವೆಲ್ಲ ಮಗ್ಗದ ಸದ್ದಿನ ಮಧ್ಯೆ ಲಾಳಿಗೆ ನೂಲು ಸುತ್ತುತ್ತ ಕೂತಿರುತ್ತಿದ್ದೆ.

ಆಗೊಮ್ಮೆ ಈಗೊಮ್ಮೆ ಬೆಂಗಳೂರಿನಿಂದ ಒಬ್ಬ ಚೀನಾದವನು ಸೈಕಲ್ಲಿಗೆ ರೇಷ್ಮೆ ಬಟ್ಟೆಯ ಗಂಟು ಕಟ್ಟಿಕೊಂಡು ಬರುತ್ತಿದ್ದ. ವಕೀಲರು, ಅಮಲ್ದಾರರ ಮನೆಗಳಲ್ಲಿ ಮಾರಿ, ನಮ್ಮ ಜಗಲಿಯಲ್ಲಿ ನೀರಿಗೆ ನಿಲ್ಲುತ್ತಿದ್ದ. ಮಾವ ಅವನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಇಷ್ಟು ಅಗ್ಗಕ್ಕೆ ಬಂದರೆ ನಮ್ಮದನ್ನು ಯಾರು ಕೊಳ್ಳುತ್ತಾರೆ ಎಂದು ಗೊಣಗುತ್ತಿದ್ದರು. ಅವನು ನಗುತ್ತಿದ್ದ. ಬೀದಿ ಸುತ್ತಿ ಕಲಿತ ಹರಕು ಕನ್ನಡದಲ್ಲಿ, ಊಟ ಆಯಿತೇ, ತವರಿಗೆ ಯಾವಾಗ ಹೋಗುತ್ತೀರಿ ಎಂದು ನನ್ನನ್ನು ಕೇಳುತ್ತಿದ್ದ. ನನ್ನ ಭಾಷೆಯಲ್ಲಿ ಅಷ್ಟನ್ನು ಆ ಬೀದಿಯಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ತಾಯಿ ಚೀನಾದಲ್ಲೇ ಇದ್ದಾಳೆ, ಈಚೆಗೆ ಸುದ್ದಿಯೇ ಇಲ್ಲ ಎಂದು ಒಮ್ಮೆ ಹೇಳಿದ್ದ.

ಗಡಿಯಲ್ಲಿ ಎರಡು ದೇಶಕ್ಕೂ ಸರಿಹೋಗುತ್ತಿಲ್ಲವೆಂಬ ಸುದ್ದಿ ರೇಡಿಯೊದಲ್ಲಿ ಹೆಚ್ಚಾಯಿತು. ಮುಂದಿನ ಸಲ ಬಂದಾಗ ಅವನ ಗಂಟು ಚಿಕ್ಕದಾಗಿತ್ತು. ಅಲ್ಲಿಂದ ಸರಕು ಬರುತ್ತಿಲ್ಲವೆಂದು ಇಲ್ಲಿಯದೇ ಟವೆಲು, ಕರವಸ್ತ್ರ ತಂದಿದ್ದ. ಬೀದಿಯವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಮಾವ ಅವನನ್ನು ಜಗಲಿಯಲ್ಲಿ ಕೂರಿಸಿ, ಎಂದೂ ಇಲ್ಲದ್ದು ಒಂದು ಟವೆಲು ಕೊಂಡರು.

"ನಮ್ಮ ಜಗಳ ಬಟ್ಟೆದು ಕಣಪ್ಪಾ. ಸರ್ಕಾರದವರದ್ದು ಬೇರೆ," ಎಂದರು.

ಅವನು ತಲೆಯಾಡಿಸಿ, ನನಗೆ "ಬರ್ತೀನಮ್ಮಾ" ಎಂದು ಹೇಳಿ ಹೋದ.

ಯುದ್ಧವಾಯಿತು. ಅವನು ಬರಲಿಲ್ಲ. ಚೀನಾದ ಬಟ್ಟೆ ಅಂಗಡಿಗಳಿಂದ ಮಾಯವಾಗಿ ನಮ್ಮ ಸೀರೆಗೆ ಗಿರಾಕಿ ಹೆಚ್ಚಿತು. ಮಾವ ಇನ್ನೊಂದು ಮಗ್ಗ ಹಾಕಿದರು. ಮನೆಯವರೆಲ್ಲ ಖುಷಿಯಾಗಿದ್ದರು. ಇನ್ನೊಂದು ಮಗ್ಗದ ಸದ್ದು ಸೇರಿದ ಮೇಲೆ ನನ್ನ ಹತ್ತಿರ ಮಾತಾಡಲು ಯಾರಿಗೂ ಪುರಸೊತ್ತಿರಲಿಲ್ಲ. ಸೈಕಲ್ಲಿನ ಬೆಲ್ಲು ಕೇಳಿದರೆ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತಿದ್ದೆ. ಟಪಾಲಿನವನೋ ಹಾಲಿನವನೋ ಆಗಿರುತ್ತಿದ್ದ. ಎಷ್ಟೋ ದಿನ ಈ ಅಭ್ಯಾಸ ಹೋಗಲಿಲ್ಲ.

ಎಪ್ಪತ್ತನೇ ಇಸವಿಯ ಈಚೆಗೆ, ಅತ್ತೆಗೆ ಹಲ್ಲು ಕಟ್ಟಿಸಲು ಬೆಂಗಳೂರಿನಲ್ಲಿ ಒಬ್ಬ ಚೀನೀ ದಂತವೈದ್ಯರ ಬಳಿ ಹೋದೆವು. ಅವರ ಹೆಂಡತಿ ಒಳ್ಳೆಯ ಕನ್ನಡ ಮಾತಾಡುತ್ತಿದ್ದರು. ಧೈರ್ಯ ಮಾಡಿ ಸೈಕಲ್ಲಿನ ಬಟ್ಟೆಯವನ ವಿಷಯ ಕೇಳಿದೆ. ಆಕೆಗೆ ನೆನಪಿತ್ತು. ಯುದ್ಧವಾದ ಮೇಲೆ ತಮ್ಮವರು ಪೊಲೀಸರ ಅಪ್ಪಣೆಯಿಲ್ಲದೆ ಊರು ದಾಟುವಂತಿರಲಿಲ್ಲ, ಊರೂರು ತಿರುಗದೆ ಅವನ ಹೊಟ್ಟೆಪಾಡು ನಡೆಯಲಿಲ್ಲ, ಕೊನೆಗೆ ಕಲ್ಕತ್ತೆಯ ನೆಂಟರ ಹತ್ತಿರ ಹೋದ, ಆಮೇಲೆ ಏನಾದನೋ ತಿಳಿಯದು ಎಂದರು.

"ಅವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಪರಿಚಯ, ಅಷ್ಟೆ," ಎಂದೆ.

ಅತ್ತೆ ಒಳಗಿನಿಂದ ಬರುವವರೆಗೆ ಕಿಟಕಿಯಾಚೆ ಹೋಗಿಬರುವ ಜನರನ್ನು ನೋಡುತ್ತ ಕೂತಿದ್ದೆ.