ಒಂದು ಮಾಸು, ಎರಡು ಮಡಕೆ

ಕೂಸಿನ ಹಿಂದೆ ಬರುವ ಮಾಸನ್ನು ಮನೆಯ ಹಿತ್ತಲಲ್ಲಿ ಹೂಳುವುದು ಅಕ್ಕಲಕೋಟೆ ಕಡೆಯ ಪದ್ಧತಿ. ನಾನು ನರ್ಸಾಗಿರುವ ಹೆರಿಗೆ ಆಸ್ಪತ್ರೆಯಲ್ಲಿ ಕೇಳಿದವರಿಗೆ ಕೊಟ್ಟುಬಿಡುತ್ತೇವೆ.

ಬಸುರಿಯೊಬ್ಬಳಿಗೆ ಅವಳಿ ಎಂದು ಸ್ಕ್ಯಾನಿನಲ್ಲಿ ಗೊತ್ತಾದಾಗಲೇ ಇಬ್ಬರು ಅಜ್ಜಿಯರು ಹಂಚಿಕೊಂಡಿದ್ದರಂತೆ: ಒಂದು ಮಾಸು ದುಧನಿ ಊರಿನ ಗಂಡನ ಮನೆಗೆ, ಇನ್ನೊಂದು ಹೋಟಗಿ ಊರಿನ ತವರಿಗೆ. ಇಬ್ಬರೂ ಹೊಸ ಮಡಕೆ ಹಿಡಿದು ಕೂತಿದ್ದರು. ಎರಡು ಹೆಣ್ಣು ಕೂಸು ಹುಟ್ಟಿದವು. ನಾನು ಒಂದೇ ಮಾಸು ತಂದಿಟ್ಟೆ.

"ಇನ್ನೊಂದ ಎಲ್ಲೈತ್ರಿ ಬಾಯಾರ? ಯಾರಿಗಿ ಕೊಟ್ಟೀರಿ?" ದುಧನಿಯ ಅಜ್ಜಿ ಕೂಗಾಡಿದಳು. ಮಾಟಕ್ಕೆ ಕದ್ದೆವೆಂಬ ಗುಮಾನಿ.

ಇಂಥದಕ್ಕೆಲ್ಲ ನಾನು ಹೆದರುವವಳಲ್ಲ. ಎರಡು ಮಾಸು ಅಂಟಿಕೊಂಡು ಒಂದರಂತೆ ಕಾಣುವುದೂ ಉಂಟು. ಅದಕ್ಕೇ ಎರಡು ಹೊಕ್ಕುಳಬಳ್ಳಿಗಳ ನಡುವಿನ ಪೊರೆ ಬಿಡಿಸಿ ತೋರಿಸಿದೆ. ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳ್ಳಗಿತ್ತು; ಎರಡು ಮಾಸು ಅಂಟಿದ್ದರೆ ದಪ್ಪಗಿರುತ್ತಿತ್ತು.

"ಒಂದ ತತ್ತಿ ಒಡದು ಎರಡ ಕೂಸಾಗ್ಯಾವ. ಒಂದ ತಾಟಿನ್ಯಾಗ ಉಂಡು ಬೆಳದಾವ. ಇಬ್ಬರೂ ಒಂದ ನಮೂನಿ ಆಗತಾರ, ಪಕ್ಕಾ."

"ಮಾಸ ಎರಡ ಬಂದಿದ್ರ?" ದುಧನಿಯ ಅಜ್ಜಿ ಕೇಳಿದಳು.

"ಆಗ ಹಿಂಗ ಪಕ್ಕಾ ಹೇಳಾಕ ಬರತಿದ್ದಿಲ್ಲ. ಒಂದ ತತ್ತಿ ಅವಳಿ ಕೂಸಿಗೂ ಒಮ್ಮೊಮ್ಮೆ ಎರಡ ಮಾಸ ಇರತಾವ."

ಅವಳು ಬಗ್ಗಿ ನೋಡಿ ಒಪ್ಪಿದಳು. "ಹಂಗಾರ ಇದು ನಮ್ಮದ. ವಂಶ ನಮ್ಮದು" ಎಂದು ಮಾಸನ್ನು ತನ್ನ ಮಡಕೆಗೆ ಹಾಕಿಸಿಕೊಂಡಳು.

ಹೋಟಗಿಯ ಅಜ್ಜಿ ಶಾಂತವಾಗಿ ಖಾಲಿ ಮಡಕೆ ಕೆಳಗಿಟ್ಟಳು. "ಒಯ್ರಿ ಬೀಗತಿ. ಬಾಣಂತಿ, ಎರಡೂ ಕೂಸು ನಮ್ಮ ಮನಿಗಿ ಬರತಾವ."

ದುಧನಿಯ ಅಜ್ಜಿ ಆ ಖಾಲಿ ಮಡಕೆಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು. "ಬಾಯಾರ, ಇದನ್ನ ಅರ್ಧಾ ಕೊಯ್ದ ಕೊಡಾಕ ಬರತೈತೇನ್ರಿ?"

ಒಳಗಿದ್ದಷ್ಟು ದಿನ ಆ ಕೂಸುಗಳೂ ಕೇಳದ ಪ್ರಶ್ನೆ ಅದು.